ಮೂವತ್ತೊಂದು ದೋಷ, ಒಂದು ಕೊಳವೆ

ಕಾರು ಮನೆಗೆ ಬಂದದ್ದು ಇನ್ನೊಂದು ವಾಹನದ ಬೆನ್ನೇರಿ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ತೊಗಲಿನ ಸೀಟು, ಸನ್‌ರೂಫ್, ಬಾಗಿಲುಗಳಿಗೆ ಮರದ ಪಟ್ಟಿ. ಹೊಸದಾಗಿದ್ದಾಗ ಇಂಥದ್ದರ ಬೆಲೆ ಕೇಳುವ ಧೈರ್ಯವೂ ನನಗಿರಲಿಲ್ಲ. ಮೂರು ವರ್ಷ ಮರದ ಕೆಳಗೆ ನಿಂತು ನನ್ನ ಕೈಗೆಟುಕುವಷ್ಟು ಇಳಿದಿತ್ತು. ವಯಸ್ಸಾದಂತೆ ಅಗ್ಗವಾಗುವುದು ಕಾರು ಮಾತ್ರ, ಅದರ ಬಿಡಿಭಾಗಗಳಲ್ಲ ಎಂಬುದು ಗೊತ್ತಿದ್ದೇ ಕೊಂಡೆ.

ಮೊದಲ ದಿನವೇ ಆತುರ ಬಿದ್ದೆ. ಚಾರ್ಜ್ ಆದ ಬ್ಯಾಟರಿ ಜೋಡಿಸಿ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಸಿಕ್ಕಿಸಿದೆ. 31 ದೋಷಗಳು. ಸೀಟು ಕದಲುವುದಿಲ್ಲ, ಬಾಗಿಲಿನ ಲಾಕುಗಳು ಯಾರೂ ಮುಟ್ಟದೆಯೇ ಕಟಕಟ ಎನ್ನುತ್ತವೆ, ಪಾರ್ಕಿಂಗ್ ಸೆನ್ಸರ್‌ಗಳೇ ತನಗಿಲ್ಲವೆಂದು ಕಾರು ವಾದಿಸುತ್ತದೆ. ಒಂದೊಂದಕ್ಕೂ ಬೇಕಾದ ಬಿಡಿಭಾಗ ಬರೆದು ಕೂಡಿಸಿದರೆ ಮೊತ್ತ ಕಾರಿನ ಬೆಲೆಯನ್ನೇ ದಾಟಿತು. ಪುಣ್ಯಕ್ಕೆ ಏನನ್ನೂ ತರಿಸಲಿಲ್ಲ. ನನ್ನನ್ನು ತಡೆದದ್ದು ಜಾಣತನವಲ್ಲ, ವಾಸನೆ.

ಒದ್ದೆ ಗೋಣಿಚೀಲದ ವಾಸನೆ. ಮುಂದಿನ ಎಡ ಸೀಟಿನ ಕಾಲಬುಡದ ಕಾರ್ಪೆಟ್ ಮುಟ್ಟಿದರೆ ಒಣಗಿದಂತೆಯೇ ಇತ್ತು. ಮುಷ್ಟಿಯಿಂದ ಒತ್ತಿದೆ, ಬೆರಳುಗಳ ಸಂದಿಯಲ್ಲಿ ಕಪ್ಪು ನೀರು ಮೇಲೆ ಬಂತು. ಐಷಾರಾಮಿ ಕಾರುಗಳ ಒಳಗೆ ಅಷ್ಟೊಂದು ನಿಶ್ಶಬ್ದವಿರಲು ಒಂದು ಕಾರಣ ಕಾರ್ಪೆಟ್ಟಿನ ಅಡಿಯ ದಪ್ಪ ಫೋಮ್. ಅದು ಸದ್ದನ್ನು ಹೀರುವಷ್ಟೇ ಶ್ರದ್ಧೆಯಿಂದ ನೀರನ್ನೂ ಹೀರುತ್ತದೆ, ಬಿಡುವುದಿಲ್ಲ.

ಸೀಟು ಬಿಚ್ಚದೆ ವಿಧಿಯಿರಲಿಲ್ಲ. ಇಲ್ಲಿ ಅವಸರ ಸಲ್ಲದು. ಸೀಟಿನಲ್ಲಿ ಏರ್‌ಬ್ಯಾಗ್ ಇರುತ್ತದೆ. ಬ್ಯಾಟರಿಯ ತಂತಿ ತೆಗೆದು, ಉಳಿದ ವಿದ್ಯುತ್ತು ಇಳಿಯಲು ಸಾಕಷ್ಟು ಹೊತ್ತು ಕಾದ ಮೇಲೆಯೇ ಹಳದಿ ಕನೆಕ್ಟರ್ ಮುಟ್ಟಬೇಕು. ಸೀಟು ಹೊರಗಿರುವಾಗ ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಂಡು ಇನ್ನೊಂದು ಕೆಲಸ ಹೆಚ್ಚುತ್ತದೆ. ನಾಲ್ಕು ಬೋಲ್ಟ್ ತೆಗೆದು, ಸೀಟು ಎತ್ತಿಟ್ಟು, ಕಾರ್ಪೆಟ್ ಮಡಚಿ, ನೀರು ಹೀರುವ ವ್ಯಾಕ್ಯೂಮ್ ಹಿಡಿದೆ. ಒಂದು ಬಕೆಟ್ ತುಂಬಿತು, ಎರಡನೆಯದು ಅರ್ಧವಾಯಿತು.

ಆ ಫೋಮಿನ ಕೆಳಗೆ, ನೆಲದ ತಗ್ಗಿನಲ್ಲಿ, ಸೀಟು, ಲಾಕುಗಳಂಥವನ್ನು ನಡೆಸುವ ಒಂದು ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ ಕುಳಿತಿತ್ತು. ನೀರು ಮೊದಲು ಸೇರುವ ಜಾಗದಲ್ಲೇ ಅದನ್ನು ಇಡಬೇಕೆಂದು ಯಾರಿಗೆ ಹೊಳೆಯಿತೋ! ಕನೆಕ್ಟರ್ ಎಳೆದಾಗ ಪಿನ್ನುಗಳ ಮೇಲೆ ಪಾಚಿಯಂತೆ ಹಸಿರು ಕಿಲುಬು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆದು ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜಿದೆ. ತಂತಿಯ ಬದಿಯ ಒಂದು ಟರ್ಮಿನಲ್ ಮುಟ್ಟುತ್ತಲೇ ಉದುರಿತು. ಅಲ್ಲಿಗೆ ಹೊಸದನ್ನು ಒತ್ತಿ ಕೂರಿಸಿದೆ. ಫ್ಯಾನ್ ಹಚ್ಚಿ ಒಂದು ವಾರ ಒಣಗಿಸಿ, ಎಲ್ಲ ಜೋಡಿಸಿ, ದೋಷಗಳನ್ನು ಅಳಿಸಿ ಮತ್ತೆ ಓದಿದೆ. 31ರಲ್ಲಿ ಮರಳಿ ಬಂದದ್ದು 4.

ನೀರು ಬಂದದ್ದೆಲ್ಲಿಂದ? ಸನ್‌ರೂಫಿನ ಗಾಜಿನ ಸುತ್ತಲಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ಒಳಗಿಳಿದ ನೀರು ಒಂದು ತಟ್ಟೆಯಲ್ಲಿ ಸೇರಿ, ಮೂಲೆಗಳ ಕೊಳವೆಗಳ ಮೂಲಕ ಚಾವಣಿಯನ್ನು ಹೊತ್ತ ಕಂಬಗಳೊಳಗಿಂದ ಹರಿದು ಕೆಳಗೆ ಹೊರಬೀಳುತ್ತದೆ. ಒಂದು ಲೋಟ ನೀರು ಸುರಿದು ನೋಡಿದೆ. ಬಲಗಡೆ ಚಕ್ರದ ಬಳಿ ತಕ್ಷಣ ತೊಟ್ಟಿಕ್ಕಿತು, ಎಡಗಡೆ ನೀರು ಕೆರೆಯಂತೆ ನಿಂತಿತು. ಗಟ್ಟಿ ತಂತಿಯಿಂದ ಚುಚ್ಚಿದರೆ ಅಥವಾ ಜೋರಾಗಿ ಗಾಳಿ ಬಿಟ್ಟರೆ ಕೊಳವೆ ಕಂಬದೊಳಗೇ ಕಳಚಿಕೊಳ್ಳಬಹುದು. ಆಮೇಲೆ ಚಾವಣಿಯ ಬಟ್ಟೆಯನ್ನೇ ಇಳಿಸಬೇಕು. ನಾನು ಬಳಸಿದ್ದು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ. ತಿರುಗಿಸುತ್ತ ತಳ್ಳಿದಾಗ ಕೆಳಗಿನಿಂದ ಎಲೆ ಕೊಳೆತ ಕಪ್ಪು ಕೆಸರು ಹೊರಬಿತ್ತು. ಹೆಬ್ಬೆರಳಷ್ಟು ಕೆಸರು, ಅಷ್ಟೆ.

ಎಂಜಿನ್ ಬಗ್ಗೆ ಹೇಳಲು ಹೆಚ್ಚಿಲ್ಲ. ಟ್ಯಾಂಕಿನ ಹಳೆಯ ಪೆಟ್ರೋಲ್ ವಾರ್ನಿಷ್ ನಾತ ಹೊಡೆಯುತ್ತಿತ್ತು; ಅದನ್ನು ಖಾಲಿ ಮಾಡಿ ಫಿಲ್ಟರ್ ಬದಲಿಸಿದೆ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಮೊದಲು ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿದೆ. ಇಂಧನ ಪಂಪಿನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರಿನಿಂದ ಸುತ್ತಿಸಿದೆ. ಪ್ಲಗ್, ಫ್ಯೂಸ್ ಮರಳಿ ಹಾಕಿ ಕೀಲಿ ತಿರುಗಿಸಿದಾಗ ನಿಮಿಷವೊಂದರ ಹೊತ್ತು ನಡುಗಿ, ಹೊಗೆಯುಗುಳಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಸಮವಾಗಿ ಓಡತೊಡಗಿತು. ಕೂಲಂಟ್ ತುಂಬುವ ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಪೈಪುಗಳನ್ನು ಮಾತ್ರ ಪರೀಕ್ಷಿಸುತ್ತ ಕೂರದೆ ಬದಲಿಸಿಬಿಟ್ಟೆ. ಟೈರುಗಳನ್ನೂ ಅಷ್ಟೆ: ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅಚ್ಚು ಚೆನ್ನಾಗಿದ್ದರೂ ಅವಕ್ಕೆ ಒಂಬತ್ತು ವರ್ಷವಾಗಿತ್ತು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದಕ್ಕೆ ಹೊಸದರಲ್ಲಿ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು; ನೀರು ಬೆರೆತ ಪರೀಕ್ಷೆಯಲ್ಲಿ ಆ ಮಿತಿ 155. ನನ್ನ ಕಾರಿನದು ಕಡುಕಂದು ಬಣ್ಣಕ್ಕೆ ತಿರುಗಿತ್ತು. ಇಲ್ಲೂ ನೀರೇ.

ಕೈ ಸುಟ್ಟುಕೊಂಡದ್ದು ಮುಂದಿನ ಲೋವರ್ ಆರ್ಮ್‌ಗಳಲ್ಲಿ, ಅಂದರೆ ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳಗಿನ ತೋಳುಗಳಲ್ಲಿ. ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಹೊಸ ಆರ್ಮ್‌ಗಳ ಬೋಲ್ಟ್ ಬಿಗಿದೆ. ಆರ್ಮ್ ಕೂರುವ ಕೀಲಿನ ಬುಷ್ಷಿನಲ್ಲಿ ರಬ್ಬರು ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ. ಹಾಗೆ ಬಿಗಿದರೆ ಕಾರು ನೆಲಕ್ಕಿಳಿದಾಗ ಅದು ಸದಾ ತಿರುಚಿಕೊಂಡೇ ಇರುತ್ತದೆ. ಕಾರಿನ ಮೂತಿ ಮೇಲೆದ್ದು ನಿಂತಿತು, ಪ್ರತಿ ಗುಂಡಿಗೂ ಕಿರುಗುಟ್ಟಿತು. ಎಲ್ಲವನ್ನೂ ಸಡಿಲಿಸಿ, ಚಕ್ರಗಳ ಮೇಲೆ ಭಾರ ಬಿಟ್ಟು ನಾಲ್ಕು ಸಲ ಅಲುಗಾಡಿಸಿ, ಮತ್ತೆ ಬಿಗಿಯಬೇಕಾಯಿತು. ಒಂದು ಭಾನುವಾರ ಹೋಯಿತು.

ಇಷ್ಟಾದರೂ ಐದು ದಿನ ನಿಲ್ಲಿಸಿದರೆ ಬ್ಯಾಟರಿ ಮಲಗುತ್ತಿತ್ತು. ಬೀಗ ಹಾಕಿ ಅರ್ಧ ಗಂಟೆ ಬಿಟ್ಟು ಅಳೆದರೆ ಮಲ್ಟಿಮೀಟರ್ 440 ಮಿಲಿಆಂಪ್ ತೋರಿಸಿತು, ಐವತ್ತರೊಳಗೆ ಇರಬೇಕಿತ್ತು. ಫ್ಯೂಸ್‌ಗಳನ್ನು ಕೀಳದೆ, ಅವುಗಳ ತಲೆಯ ಮೇಲಿನ ಎರಡು ಲೋಹದ ಬಿಂದುಗಳ ನಡುವಿನ ಮಿಲಿವೋಲ್ಟ್ ಅಳೆಯುತ್ತ ಹೋದೆ. ಒಂದರಲ್ಲಿ ಮಾತ್ರ ಕರೆಂಟು ಹರಿಯುತ್ತಿತ್ತು, ಒಳಗಿನ ದೀಪಗಳದ್ದು. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯಲ್ಲಿಟ್ಟು ಮುಚ್ಚಿದೆ. ಮುಚ್ಚಿದ ಮೇಲೂ ಒಳಗೆ ದೀಪ ಉರಿಯುತ್ತಲೇ ಇತ್ತು. ಬೀಗದೊಳಗಿನ ಸ್ವಿಚ್ಚು ಕೆಟ್ಟಿತ್ತು.

ಹೊಳಪಿನ ಕೆಲಸವನ್ನು ಕೊನೆಗೆ ಉಳಿಸಿದ್ದೆ. ಹಳದಿಗಟ್ಟಿದ ಹೆಡ್‌ಲೈಟುಗಳನ್ನು ನೀರು ಹಾಕಿ ತಿಕ್ಕುವ 800, 1500, 3000 ಗ್ರಿಟ್ಟಿನ, ಒಂದಕ್ಕಿಂತ ಒಂದು ನಯವಾದ ಉಪ್ಪುಕಾಗದಗಳಿಂದ ತಿಕ್ಕಿ ಪಾಲಿಶ್ ಮಾಡಿದೆ; ಆಮೇಲೆ ನೇರಳಾತೀತ ಕಿರಣ ತಡೆಯುವ ಲೇಪ ಬಳಿಯದಿದ್ದರೆ ಬೇಗನೆ ಮತ್ತೆ ಹಳದಿಯೇ. ತೊಗಲಿಗೆ ಎಣ್ಣೆ ಕುಡಿಸಬೇಕೆಂಬ ಮಾತನ್ನು ನಾನು ನಂಬುವುದಿಲ್ಲ. ಕಾರಿನ ತೊಗಲಿನ ಮೇಲೆ ಸಾಮಾನ್ಯವಾಗಿ ಬಣ್ಣದ ಲೇಪವಿರುತ್ತದೆ, ಎಣ್ಣೆ ಅದರ ಮೇಲೆಯೇ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ಸೌಮ್ಯ ಕ್ಲೀನರ್, ಮೆದು ಬ್ರಷ್, ಒದ್ದೆ ಬಟ್ಟೆ ಸಾಕಾದವು. ಬೂದು ಎಂದುಕೊಂಡಿದ್ದ ಸೀಟು ಕೆನೆಬಣ್ಣದ್ದಾಗಿತ್ತು.

ಮೊದಲ ದೊಡ್ಡ ಮಳೆ ರಾತ್ರಿ ಬಂತು. ಟಾರ್ಚ್ ಹಿಡಿದು ಹೋಗಿ ಕಾರಿನೊಳಗೆ ಕುಳಿತೆ. ಎಡಗಡೆಯ ಕಾರ್ಪೆಟ್ಟಿನ ಅಡಿ ಮೊದಲೇ ಹಳೆಯ ಪತ್ರಿಕೆ ಹಾಸಿಟ್ಟಿದ್ದೆ. ಕಂಬದೊಳಗೆ ನೀರು ಗುಳುಗುಳು ಇಳಿಯುವುದು ಕೇಳಿಸಿತು. ಅರ್ಧ ಗಂಟೆಯಾದ ಮೇಲೆ ಪತ್ರಿಕೆ ಎಳೆದು ನೋಡಿದೆ, ಗರಿಗರಿಯಾಗಿತ್ತು. ಹಿಂದಿನ ಬಲ ಬಾಗಿಲಿನ ಗಾಜು ಮಾತ್ರ ಇಂದಿಗೂ ಅರ್ಧಕ್ಕೆ ಇಳಿದು ನಿಲ್ಲುತ್ತದೆ.