"ಇವತ್ತು ಏನು ಕಲಿತೆ?" ಅಂತ ಕೇಳಿದರೆ "ಏನಿಲ್ಲ" ಅನ್ನೋ ಮಕ್ಕಳಿಗೆ
ಶಾಲೆಯಿಂದ ಬಂದ ಕೂಡಲೇ ಪ್ರಶ್ನೆ ಶುರು ಮಾಡಬೇಡಿ. ಹಸಿವು, ದಣಿವು ಇರುತ್ತೆ. ಅರ್ಧ ಗಂಟೆ ಬಿಡಿ. ಐದಾರು ವರ್ಷದ ಮಗುವಿಗೆ ಇಡೀ ದಿನದ ಸಾರ ಹೇಳೋದು ಕಷ್ಟ, ಒಂದು ತುಣುಕು ಹೇಳೋದು ಸುಲಭ. ಹಾಗಾಗಿ ನೋಟ್‌ಬುಕ್ಕಿನ ಅವತ್ತಿನ ಪುಟ ತೆರೆದು, "ಇಲ್ಲಿ 7 ಅಳಿಸಿ 8 ಬರೆದಿದ್ದೀಯಲ್ಲ, ಹೇಗೆ ಗೊತ್ತಾಯ್ತು?" ಅಂತ ಕೇಳಿ. ಅಂದವಾಗಿ ಬರೆದ ಪುಟಕ್ಕಿಂತ ರಬ್ಬರ್ ಉಜ್ಜಿದ ಜಾಗದಲ್ಲೇ ಮಾತಿಗೆ ಹೆಚ್ಚು ಸರಕು ಸಿಗುತ್ತೆ.

ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ಬಹಳ ಜನ ಎಡವೋದು ಇಲ್ಲೇ: ಮಗು ಯೋಚಿಸುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಡ್ತೀವಿ. ಉತ್ತರ ತಪ್ಪಿದ್ದರೂ ಆಗಲೇ ತಿದ್ದಬೇಡಿ; ತಿದ್ದಿದರೆ ಮಗು ಇದು ಪರೀಕ್ಷೆ ಅಂತ ತಿಳಿದು ನಾಳೆ ಬಾಯೇ ಬಿಡಲ್ಲ. ಮಾತು ಕಡಿಮೆ ಇರೋ ಮಗು ಚಿತ್ರ ಬಿಡಿಸಲಿ. ದಿನಕ್ಕೆ ಐದು ನಿಮಿಷ ಸಾಕು.