ಅಡುಗೆಮನೆಗೆ ಹತ್ತಿಯ ಕ್ರೋಶಾ ಒರೆಸುಬಟ್ಟೆ

ನೂಲು ಶುದ್ಧ ಹತ್ತಿಯದೇ ಇರಲಿ. ಅಕ್ರಿಲಿಕ್ ಎಂಬ ಕೃತಕ ನೂಲು ನೀರು ಹೀರುವುದಿಲ್ಲ, ಬಿಸಿ ಪಾತ್ರೆ ತಗುಲಿದರೆ ಕರಗುತ್ತದೆ. ಮಧ್ಯಮ ದಪ್ಪದ ನೂಲು ಸುಮಾರು 50 ಗ್ರಾಂ, 4.5 ಮಿ.ಮೀ. ಕ್ರೋಶಾ ಕಡ್ಡಿ (ತುದಿಯಲ್ಲಿ ಕೊಕ್ಕೆ ಇರುವುದು) ಸಾಕು.

31 ಚೈನ್ (ಒಂದರೊಳಗೊಂದು ಎಳೆದ ಕುಣಿಕೆಗಳ ಸರಪಳಿ) ಹಾಕಿ. ಕಡ್ಡಿಯಿಂದ ಎರಡನೇ ಚೈನ್‌ನಲ್ಲಿ ಒಂದು ಸಿಂಗಲ್ ಕ್ರೋಶಾ (ಗಿಡ್ಡ ಹೊಲಿಗೆ), ಮುಂದಿನದರಲ್ಲಿ ಒಂದು ಡಬಲ್ (ಮೊದಲು ಕಡ್ಡಿಗೆ ನೂಲು ಸುತ್ತಿ ಹಾಕುವ ಎತ್ತರದ ಹೊಲಿಗೆ). ಹೀಗೇ ಕೊನೆಯವರೆಗೆ ಹೋದರೆ 30 ಹೊಲಿಗೆ ಆಗುತ್ತದೆ. ಒಂದು ಚೈನ್ ಹಾಕಿ ತಿರುಗಿಸಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈಗ ಡಬಲ್ ಮೇಲೆ ಸಿಂಗಲ್, ಸಿಂಗಲ್ ಮೇಲೆ ಡಬಲ್. ಪ್ರತಿ ಸಾಲೂ ಸಿಂಗಲ್‌ನಿಂದ ಶುರುವಾಗಿ ಡಬಲ್‌ನಲ್ಲಿ ಮುಗಿಯಬೇಕು. ಹಾಗಾಗದಿದ್ದರೆ ಎಲ್ಲೋ ಒಂದು ತಪ್ಪಿದೆ, ಅಲ್ಲಿಯವರೆಗೆ ಬಿಚ್ಚಿ. ಬಟ್ಟೆ ಚೌಕವಾಗುವವರೆಗೆ, ಅಂದರೆ ಸುಮಾರು 20 ಸೆಂ.ಮೀ., ಹೆಣೆಯಿರಿ. ಈ ಉಬ್ಬುತಗ್ಗಿನ ಮೈ ಅಂಟಿದ ಜಿಡ್ಡನ್ನು ಉಜ್ಜಿ ತೆಗೆಯಲು ಬಹಳ ಚೆನ್ನ.

ಬಟ್ಟೆ ಮೇಲೆ ಹೋದಂತೆ ಕಿರಿದಾಗುತ್ತಿದೆಯೇ? ಸಾಲಿನ ಕೊನೆಯ ಹೊಲಿಗೆ ಬಿಟ್ಟುಹೋಗುತ್ತಿದೆ. ಬುಡ ಮಾತ್ರ ಸೆಳೆದುಕೊಂಡು ಬಿಲ್ಲಿನಂತೆ ಬಾಗಿದರೆ ಮೊದಲ ಚೈನ್ ಬಿಗಿಯಾಗಿದೆ. ಚೈನ್‌ಗಷ್ಟೇ 5 ಮಿ.ಮೀ. ಕಡ್ಡಿ ಬಳಸಿ.

ಕೊನೆಗೆ ನೂಲು ಕತ್ತರಿಸುವಾಗ 15 ಸೆಂ.ಮೀ. ಬಾಲ ಬಿಡಿ. ಬರೀ ಗಂಟು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಆ ಬಾಲವನ್ನು ದಪ್ಪ ಸೂಜಿಯಿಂದ ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ ಒಳಗೆ ಸೇರಿಸಿ. ಒಗೆಯುವಾಗ ಬಟ್ಟೆ ಮೃದುಗೊಳಿಸುವ ದ್ರವ ಬೇಡ, ಅದರ ಲೇಪದಿಂದ ಹತ್ತಿ ನೀರು ಹೀರುವುದು ಕಡಿಮೆಯಾಗುತ್ತದೆ.