ಮಾವನಿಗೆ ಬ್ರಾಂಕ್ಸ್ ತೋರಿಸುವ ಬಗೆ

ಬೈಗುಳವನ್ನು ಅನುವಾದ ಮಾಡಲು ಹೋಗಬೇಡಿ. ಇಂಗ್ಲಿಷ್ ಬಾರದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕದ ನಗರಗಳ ಅಪರಾಧದ ಸಿನಿಮಾ ನೋಡುವವರಿಗೆ ನಾನು ಮೊದಲು ಹೇಳುವ ಮಾತು ಇದು. ಹಾಸನದ ನಮ್ಮ ಮನೆಯಲ್ಲಿ ಒಂದು ಶನಿವಾರ ಯಾವ ತಯಾರಿಯೂ ಇಲ್ಲದೆ ‘ಡೂ ದ ರೈಟ್ ಥಿಂಗ್’ ಹಾಕಿಬಿಟ್ಟೆ. 1989ರ ಚಿತ್ರ, ಸ್ಪೈಕ್ ಲೀ ನಿರ್ದೇಶನ, ಬ್ರೂಕ್ಲಿನ್‌ನ ಒಂದು ಬೀದಿಯ ಒಂದು ಸುಡುಬಿಸಿಲಿನ ದಿನ. ಅದರ ನಡುವೆ ಒಂದೊಂದು ಜನಾಂಗದವನೂ ಕ್ಯಾಮೆರಾದ ಎದುರು ನಿಂತು ಇನ್ನೊಂದು ಜನಾಂಗವನ್ನು ಒಂದೇ ಉಸಿರಿಗೆ ಬೈಯುವ ಭಾಗವಿದೆ.

“ಏನಂದ?” ಎಂದರು ಮಾವ.

“ಬೈದ.”

“ಅದು ಗೊತ್ತಾಯಿತಮ್ಮ. ಏನೆಂದು ಬೈದ?”

ಬಾಯಿ ತೆರೆದವಳು ಮುಚ್ಚಿದೆ. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಸಿನಿಮಾ ಅಲ್ಲಿಗೆ ನಿಂತಿತು.

ಈಗ ನಾನು ಮಾಡುವುದು ಹೀಗೆ. ಬೈಗುಳದ ಪದ ಬಿಟ್ಟು, ಏಟು ಎಲ್ಲಿಗೆ ಬಿತ್ತು ಎಂಬುದನ್ನು ಹೇಳುತ್ತೇನೆ. “ಕುಲ ಹಿಡಿದು ಬೈದ”, “ಹೊಟ್ಟೆಪಾಡು ಹಿಡಿದು ಹಂಗಿಸಿದ”, “ತಾಯಿಯನ್ನು ಎಳೆದ”. ಇಷ್ಟು ಸಾಕು, ಉಳಿದದ್ದನ್ನು ನಟನ ಮುಖ ಹೇಳುತ್ತದೆ. ಕಪ್ಪು ಜನರನ್ನು ಹೀಯಾಳಿಸುವ, ‘ಎನ್’ ಅಕ್ಷರದ ಒಂದು ಪದದ ಬಗ್ಗೆ ಮಾತ್ರ ಮೊದಲೇ ತಿಳಿಸಿರಬೇಕು: ಕಪ್ಪು ಗೆಳೆಯರು ತಮ್ಮೊಳಗೆ ಆಡಿಕೊಂಡರೆ ಅದು ನಮ್ಮ “ಲೋ” ಇದ್ದ ಹಾಗೆ, ಅದೇ ಪದ ಹೊರಗಿನವನ ಬಾಯಿಂದ ಬಂದರೆ ಕೆನ್ನೆಗೆ ಬಾರಿಸಿದ ಹಾಗೆ.

ಮಾವ ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು. ಹಾಸನದಿಂದ ಮಂಗಳೂರಿಗೆ, ಮಳೆಗಾಲದ ಶಿರಾಡಿ ಘಾಟಿಯಲ್ಲಿ, ವರ್ಷಗಟ್ಟಲೆ. ನಾನು ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ನನ್ನ ತಯಾರಿಯೂ ಲೆಕ್ಕದ ಪುಸ್ತಕದಲ್ಲೇ ನಡೆಯುತ್ತದೆ. ಶುಕ್ರವಾರ ರಾತ್ರಿ ಒಬ್ಬಳೇ ಪೂರ್ತಿ ನೋಡುತ್ತೇನೆ. ಉದ್ದನೆಯ ಪುಸ್ತಕದ ಎಡಗಡೆ ನಿಮಿಷ, ನಡುವೆ ಯಾರು ಯಾರಿಗೆ ಏನಾಗಬೇಕು, ಬಲಗಡೆ ನಾನು ಹೇಳಬೇಕಾದ ಒಂದು ಸಾಲು. ಮುಂದೆ ಓಡಿಸಬೇಕಾದ ದೃಶ್ಯಕ್ಕೆ ಕೆಂಪು ಶಾಯಿಯ ಗುರುತು. ಇವೆಲ್ಲ ದೊಡ್ಡವರ ಚಿತ್ರಗಳು. ಮಗಳು ಮಲಗಿದ ಮೇಲೆಯೇ ಹಾಕುವುದು.

ನಡುವಿನ ಕಾಲಂ ಸುಲಭವೆಂದುಕೊಳ್ಳಬೇಡಿ. ಇಂಗ್ಲಿಷಿನವರು ‘ಬ್ರದರ್’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ಅಣ್ಣನೋ ತಮ್ಮನೋ ತೀರ್ಮಾನವಾಗಬೇಕು. ಬೀದಿಯಲ್ಲಿ ಸಿಕ್ಕವನನ್ನೂ ಬ್ರದರ್ ಎನ್ನುತ್ತಾರೆ, ಅಲ್ಲಿ ನಂಟೇ ಇಲ್ಲ. ಒಮ್ಮೆ ತಪ್ಪಿ ಒಬ್ಬನನ್ನು ತಮ್ಮ ಎಂದುಬಿಟ್ಟೆ, ಅರ್ಧ ಗಂಟೆ ಕಳೆದ ಮೇಲೆ ಮಾವ, “ಹಾಗಾದರೆ ತಮ್ಮನ ಮೇಲೇಕೆ ಪಿಸ್ತೂಲು ಹಿಡಿದ?” ಎಂದು ಕೇಳಿದರು. ಅಂದಿನಿಂದ ಸಿನಿಮಾ ಹಾಕುವ ಮೊದಲು ಕ್ಯಾಲೆಂಡರಿನ ಹಿಂಬದಿಯಲ್ಲಿ ವಂಶವೃಕ್ಷ ಬರೆದು ಟೀಪಾಯಿಯ ಮೇಲಿಡುತ್ತೇನೆ.

ಬಣ್ಣದ ಮಾತಿಗೆ ಇನ್ನೂ ಹೆಚ್ಚು ಹೊತ್ತು ಕೊಡಿ. ನಮ್ಮ ಹಳ್ಳಿಗಳಲ್ಲಿ ಒಂದೇ ತಾಯಿಯ ಹೊಟ್ಟೆಯಲ್ಲಿ ಕರಿಯಪ್ಪನೂ ಕೆಂಚಪ್ಪನೂ ಹುಟ್ಟುತ್ತಾರೆ. “ಇದಕ್ಕೆ ಕೊಲೆಯೇ?” ಎಂದು ಮಾವನಿಗೆ ನಿಜವಾಗಿಯೂ ಆಶ್ಚರ್ಯ. “ಅಲ್ಲಿನ ಜಾತಿ ಅಂದುಕೊಳ್ಳಿ” ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬರುತ್ತದೆ. ಅರ್ಧ ಕೆಲಸಕ್ಕೆ ಬರುವ ಉತ್ತರ ಅದು. ನಮ್ಮಲ್ಲಿ ಊರು, ಮನೆತನ ಕೇಳಿ ಸುತ್ತಿ ಬಳಸಿ ತಿಳಿದುಕೊಳ್ಳುವುದನ್ನು ಅಲ್ಲಿ ಪೊಲೀಸಿನವನು ಬೀದಿಯ ಆ ತುದಿಯಿಂದಲೇ ತಿಳಿದುಕೊಳ್ಳುತ್ತಾನೆ. ಈ ವ್ಯತ್ಯಾಸ ಹೇಳದಿದ್ದರೆ ಅರ್ಧ ದೃಶ್ಯಗಳು ಹುಚ್ಚಾಟದಂತೆ ಕಾಣುತ್ತವೆ.

ಯಾವುದರಿಂದ ಶುರುಮಾಡಬೇಕು? ನೋಡುವವರ ಬದುಕಿಗೆ ಹತ್ತಿರದ್ದರಿಂದ. ನಾನು ‘ಎ ಬ್ರಾಂಕ್ಸ್ ಟೇಲ್’ ಹಾಕಿದೆ. ಅದರಲ್ಲಿ ತಂದೆ ಬಸ್ ಚಾಲಕ. 1993ರ ಈ ಚಿತ್ರ ರಾಬರ್ಟ್ ಡಿ ನಿರೋ ನಿರ್ದೇಶಿಸಿದ ಮೊದಲನೆಯದು. ತಂದೆಯ ಪಾತ್ರವೂ ಅವರದೇ. ಅರವತ್ತರ ದಶಕದ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಭಾಗ, ಇಟಲಿ ಮೂಲದವರ ಬೀದಿ. ಹುಡುಗನಿಗೆ ಬಸ್ಸಿನ ತಂದೆಯೂ ಬೇಕು, ಕೆಳಗಿನ ಬಾರಿನಲ್ಲಿ ಕೂರುವ ರೌಡಿ ಸನ್ನಿಯೂ ಬೇಕು. ಮಗನ ಕೈಯಲ್ಲಿ ಸೇರಿದ್ದ ಹಣವನ್ನು ತಂದೆ ಬಾರಿಗೇ ಹೋಗಿ ಹಿಂದಿರುಗಿಸುವಾಗ ಮಾವ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಈ ಚಿತ್ರದಲ್ಲಿ ನಿಲ್ಲಿಸಿ ಮಾತನಾಡಬೇಕಾದ ಜಾಗ ಬೇರೆ. ಬೆಳೆದ ಹುಡುಗ ಕಪ್ಪು ಹುಡುಗಿಯೊಬ್ಬಳನ್ನು ಮೆಚ್ಚುತ್ತಾನೆ. ಅಷ್ಟು ಹೊತ್ತು ಸಾಚಾ ಮನುಷ್ಯನಾಗಿದ್ದ ತಂದೆ ನಮ್ಮವರಲ್ಲೇ ನೋಡಿಕೊಳ್ಳಬೇಕು ಎಂಬ ಧಾಟಿಯಲ್ಲಿ ಮಾತನಾಡುತ್ತಾನೆ. ಅಡ್ಡಿಯಿಲ್ಲ ಎನ್ನುವವನು ಕೊಲೆಗಾರ ಸನ್ನಿ. ನಾನು ರಿಮೋಟ್ ಒತ್ತಿ ಸುಮ್ಮನಿದ್ದೆ. ಮಾವ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. “ಮುಂದೆ ಹಾಕು” ಎಂದರು. ಹೀಗೆ ನಿಲ್ಲಿಸಿದಾಗ ನೀವು ವಿವರಣೆ ಕೊಡಬೇಡಿ.

ಎರಡನೆಯದು ‘ಬಾಯ್ಜ್ ಎನ್ ದ ಹುಡ್’, 1991, ಲಾಸ್ ಏಂಜಲೀಸಿನ ಕಪ್ಪು ಜನರ ಬಡಾವಣೆಯೊಂದರ ಕಥೆ. ನಿರ್ದೇಶಕ ಜಾನ್ ಸಿಂಗಲ್ಟನ್ ಆಸ್ಕರ್‌ನ ನಿರ್ದೇಶನ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ಕಪ್ಪು ವ್ಯಕ್ತಿ, ಆಗ ವಯಸ್ಸು 24. ಇದಕ್ಕೆ ಮುನ್ನ ಹತ್ತು ನಿಮಿಷದ ಪೀಠಿಕೆ ಬೇಕು, ಅದು ಮನೆ ಸಾಲದ್ದು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳೇ ನಗರಗಳ ನಕ್ಷೆ ಮಾಡಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದವು. ಕೆಂಪಿದ್ದಲ್ಲಿ ಸಾಲ ಹುಟ್ಟುವುದು ಕಷ್ಟವಾಯಿತು. ಮನೆಯ ವ್ಯವಹಾರದಲ್ಲಿ ಇಂಥ ಭೇದ ಸಲ್ಲದೆಂಬ ಕಾನೂನು ಬಂದದ್ದು 1968ರಲ್ಲಿ. ಸೊಸೈಟಿ ಸಾಲದಲ್ಲಿ ಈ ಮನೆ ಕಟ್ಟಿಸಿ ಕಂತು ತೀರಿಸಿದ ಮಾವನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಇಲ್ಲಿಯೂ ಗುಂಡಿನ ದೃಶ್ಯಗಳಿಗಿಂತ ಅಂಗಳ ನೋಡಿ. ತಾಯಿ ಮಗನನ್ನು ತಂದೆಯ ಮನೆಗೆ ತಂದು ಬಿಡುತ್ತಾಳೆ. ತಂದೆ ಮೊದಲು ಹಚ್ಚುವ ಕೆಲಸ ಅಂಗಳದ ಎಲೆ ಗುಡಿಸುವುದು. ರಾತ್ರಿ ಕಳ್ಳ ನುಗ್ಗಿದಾಗ ಪೊಲೀಸರು ನಿಧಾನವಾಗಿ ಬರುತ್ತಾರೆ, ಬಂದವರಲ್ಲಿ ಹೆಚ್ಚು ಕೀಳಾಗಿ ಮಾತನಾಡುವವನು ಕಪ್ಪು ಪೊಲೀಸನೇ. ಇದನ್ನು ತಪ್ಪದೆ ತೋರಿಸಿ ಹೇಳಿ, ಕತ್ತಲಲ್ಲಿ ಹಿರಿಯರಿಗೆ ಮುಖ ಕಾಣದೆ ಹೋಗಬಹುದು. ಮುಂದೆ ತಂದೆ ಹುಡುಗರನ್ನು ಹತ್ತಿರದ ಕಾಂಪ್ಟನ್ ಊರಿಗೆ ಕರೆದೊಯ್ದು, ಮನೆ ಕೊಳ್ಳುತ್ತೇವೆಂಬ ದೊಡ್ಡ ಫಲಕದ ಕೆಳಗೆ ನಿಲ್ಲಿಸಿ, ಬಡಾವಣೆಯ ಬೆಲೆ ಇಳಿಸಿ ಕೊಂಡು ಆಮೇಲೆ ಏರಿಸುವ ಆಟ ವಿವರಿಸುತ್ತಾನೆ. ಬಿ.ಎಂ. ರಸ್ತೆಯುದ್ದಕ್ಕೂ ನಿವೇಶನದ ಫಲಕ ಓದುತ್ತಾ ನಡೆಯುವವರಿಗೆ ಆ ಭಾಷಣ ಉದ್ದವೆನಿಸುವುದಿಲ್ಲ.

ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನ ವಿಷಯವನ್ನು ಚಿತ್ರ ಮುಗಿದ ಮೇಲೆ ಹೇಳಿ. ಚಿತ್ರ ಬಿಡುಗಡೆಯಾದ ವರ್ಷವೇ, ಮಾರ್ಚ್ 3ರಂದು, ಲಾಸ್ ಏಂಜಲೀಸ್ ಪೊಲೀಸರು ಅವನನ್ನು ಬಡಿದದ್ದು ವಿಡಿಯೊದಲ್ಲಿ ಸಿಕ್ಕಿತ್ತು. 1992ರ ಏಪ್ರಿಲ್ 29ರ ತೀರ್ಪಿನಲ್ಲಿ ಪೊಲೀಸರಿಗೆ ಶಿಕ್ಷೆಯಾಗದೆ ನಗರ ಹೊತ್ತಿ ಉರಿಯಿತು, 60ಕ್ಕೂ ಹೆಚ್ಚು ಜನ ಸತ್ತರು. ಮೊದಲೇ ಹೇಳಿದರೆ ನೋಡುವವರು ಕಥೆ ಬಿಟ್ಟು ಬೆಂಕಿಗೆ ಕಾಯುತ್ತಾರೆ.

ಮಾವ ಬದಲಾದರೇ ಎಂದು ಗೆಳತಿಯರು ಕೇಳುತ್ತಾರೆ. ಮಹಡಿ ಮನೆಯ ಬಾಡಿಗೆಗೆ ಬಂದವರನ್ನು ಈಗಲೂ “ನಿಮ್ಮದು ಯಾವ ಜನ?” ಎಂದು ಕೇಳುತ್ತಾರೆ. ಮೊದಲು ಗೇಟಿನಲ್ಲೇ ಕೇಳುತ್ತಿದ್ದರು, ಈಗ ಒಳಗೆ ಕೂರಿಸಿ ಕಾಫಿ ಕೊಟ್ಟ ಮೇಲೆ.

ಹೊಡೆದಾಟ ಬೇಕೇ ಬೇಕೆನ್ನುವವರಿಗೆ ಅದೇ ಸಿಂಗಲ್ಟನ್ನರ 2005ರ ‘ಫೋರ್ ಬ್ರದರ್ಸ್’. ಡೆಟ್ರಾಯ್ಟಿನಲ್ಲಿ ಒಬ್ಬ ತಾಯಿ ಸಾಕಿ ಬೆಳೆಸಿದ ನಾಲ್ವರು, ಇಬ್ಬರು ಬಿಳಿಯರು, ಇಬ್ಬರು ಕಪ್ಪು. ಕರಿಯಪ್ಪ–ಕೆಂಚಪ್ಪರ ಮನೆ ಕೊನೆಗೂ ಸಿಕ್ಕಿತು ಎಂದು ಮಾವನಿಗೆ ಸಮಾಧಾನ. ಬಾಬಿ ಹಿರಿಯ, ಜಾಕ್ ಕಿರಿಯ ಎಂದು ಬರೆದಿಟ್ಟುಕೊಳ್ಳಿ. ಕಥೆ ಗಟ್ಟಿಯಿಲ್ಲ, ಗುಂಡು ಜಾಸ್ತಿ. ಆದರೆ ಊಟದ ಮೇಜಿನಲ್ಲಿ ಸತ್ತ ತಾಯಿ ಮಕ್ಕಳ ಕಣ್ಣಿಗೆ ಕಾಣಿಸಿಕೊಳ್ಳುವ ದೃಶ್ಯಕ್ಕೆ ಅವರೆಕಾಳು ಹಿಸುಕುತ್ತಿದ್ದ ಅತ್ತೆಯೂ ಕೈ ನಿಲ್ಲಿಸಿದರು.

‘ಡೂ ದ ರೈಟ್ ಥಿಂಗ್’ ಅನ್ನು ಏಪ್ರಿಲ್ ಸೆಕೆಯಲ್ಲಿ ಮತ್ತೆ ಹಾಕಿದೆ. ಪಿಜ್ಜಾ ಅಂಗಡಿಯ ಗೋಡೆಯಲ್ಲಿ ಇಟಲಿ ಮೂಲದವರ ಪಟಗಳು ಮಾತ್ರ, ತಿನ್ನಲು ಬರುವವರು ಕಪ್ಪು ಜನ; ಜಗಳ ಹುಟ್ಟುವುದು ಅಲ್ಲಿ. “ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಯಾರ ಪಟ ಇರುತ್ತದೆ, ಯಾರದು ಇರುವುದಿಲ್ಲ?” ಎಂದು ಕೇಳಿ, ಅಷ್ಟೇ.

ಕೊನೆಗೆ ಫ್ರಾನ್ಸಿನ ‘ಲಾ ಏನ್’, 1995, ಕಪ್ಪು ಬಿಳುಪು. ಒಬ್ಬ ಯಹೂದಿ, ಒಬ್ಬ ಅರಬ್, ಒಬ್ಬ ಕಪ್ಪು ಹುಡುಗ, ಪೊಲೀಸನೊಬ್ಬ ಕಳೆದುಕೊಂಡ ರಿವಾಲ್ವರ್. ಮಾತು ಫ್ರೆಂಚ್, ನಾನೂ ಅಡಿಬರಹ ಓದಿಯೇ ಹೇಳಬೇಕಾದ್ದರಿಂದ ಆಗಾಗ ನಿಲ್ಲಿಸಬೇಕಾಗುತ್ತದೆ. ಇದರ ಕೊನೆಯಲ್ಲಿ ಗುಂಡಿನ ಸದ್ದು ಕೇಳುತ್ತದೆ, ಪರದೆ ಕಪ್ಪಾಗುತ್ತದೆ. ಅದನ್ನು ಮೊದಲೇ ತಿಳಿಸಿಟ್ಟಿರಿ. ನಾನು ಮರೆತಿದ್ದೆ; ಕರೆಂಟು ಹೋಯಿತೆಂದು ಮಾವ ಎದ್ದು ಯುಪಿಎಸ್ ನೋಡಲು ಹೋದರು.